ಬಿಸಿಲು ಕೇಳಲು ಹೋದದ್ದು

ಈ ಸಲವೂ ಟಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಬರುತ್ತದೆ ಎಂದುಕೊಂಡೇ ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟ. ಬೆರಳಿಟ್ಟವನು ಒತ್ತಲಿಲ್ಲ. ಮುಖ ಒಂದು ಕಡೆ ತಿರುಗಿಸಿ, ಭುಜ ಕುಗ್ಗಿಸಿ, ಏಟು ಬೀಳುವುದು ಗ್ಯಾರಂಟಿ ಎಂದು ಗೊತ್ತಿದ್ದೂ ಓಡದೆ ನಿಂತವನ ಹಾಗೆ ನಿಂತ. ಬೆಂಚಿನ ಮೇಲೆ ಹಳೆಯ ಕಂಪ್ಯೂಟರಿನ ಡಬ್ಬ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಅಲ್ಯೂಮಿನಿಯಂ ಪಟ್ಟಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಟ್ರಾನ್ಸಿಸ್ಟರುಗಳು, ದಪ್ಪ ಲೋಟಗಳಂಥ ಕೆಪಾಸಿಟರುಗಳು, ಬೆರಳಗಲದ ಒಂದು ಹಸಿರು ಬೋರ್ಡು, ಎಲ್ಲದರ ಮೇಲೂ ತೆಳ್ಳಗೆ ಕೂತ ಮರದ ಪುಡಿ. ಊದಿದರೆ ಹೋಗುತ್ತಿತ್ತು. ಊದಲೂ ಬೇಸರ. ಸುಟ್ಟ ಟ್ರಾನ್ಸಿಸ್ಟರುಗಳನ್ನು ಅವನು ಎಸೆದಿರಲಿಲ್ಲ. ಕಿಟಕಿಯ ಅಂಚಿನಲ್ಲಿ ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದ, ಯಾಕೆಂದು ಅವನಿಗೇ ಗೊತ್ತಿಲ್ಲ. ಈ ಇನ್ವರ್ಟರು ಕಟ್ಟಲು ಹೇಳಿಕೊಟ್ಟ ರೇಡಿಯೋ ರಿಪೇರಿಯವನು ಬಂದಾಗಲೆಲ್ಲ ಆ ಡಬ್ಬಿಯನ್ನು ಅಲ್ಲಾಡಿಸಿ, "ಮಗುಗೆ ಗಿಲಕಿ ಆಯ್ತು ಬಿಡಿ" ಅನ್ನುತ್ತಿದ್ದ. ಮಗುವಿಲ್ಲದ ಮನೆಯಲ್ಲಿ ನಿಂತು ಅಂದೆನೆಂದು ಆಮೇಲೆ ಹೊಳೆದು ಅವನೇ ಪೆಚ್ಚಾಗುತ್ತಿದ್ದ. ಹೊರಗೆ ಬಿಸಿಲು ತಗಡಿನ ಚಾವಣಿಯ ಮೇಲೆ ಏರುತ್ತಿತ್ತು. ಕಾದ ತಗಡು ಹಿಗ್ಗಿ ಎಲ್ಲೋ ಒಂದು ಕಡೆ 'ಟಣ್' ಎಂದಿತು. ಆ ಸದ್ದಿಗೆ ಬೆಚ್ಚಿದ ಬೆರಳು ತನ್ನಷ್ಟಕ್ಕೆ ತಾನೇ ಸ್ವಿಚ್ಚನ್ನು ಒತ್ತಿಬಿಟ್ಟಿತು.

ಏನೂ ಸಿಡಿಯಲಿಲ್ಲ. ಡಬ್ಬದೊಳಗಿಂದ ಸೊಳ್ಳೆಯ ಗುಂಯ್ ಅನ್ನುವಂಥದೊಂದು ಸಣ್ಣ ದನಿ ಎದ್ದು, ನಿಧಾನವಾಗಿ ದಪ್ಪವಾಗುತ್ತ ಹೋಯಿತು. ಬೆಂಚಿನ ಕೆಳಗೆ ವರ್ಷದಿಂದ ಮಲಗಿದ್ದ ಮೋಟರು ಮೈ ಮುರಿದು, ಹೋಗಲೋ ಬೇಡವೋ ಎಂಬಂತೆ ಒಂದು ಸುತ್ತು ತಿರುಗಿ, ಇನ್ನೊಂದು ಸುತ್ತು ತಿರುಗಿ, ಬೆಲ್ಟನ್ನು ಎಳೆದುಕೊಂಡು ಓಡತೊಡಗಿತು. ಮರ ಕಡೆಯುವ ಲೇತು ತಿರುಗಿತು. ಅದರ ತುದಿಗೆ ಕಚ್ಚಿಸಿಟ್ಟಿದ್ದ ಚೌಕಾಕಾರದ ಮರದ ತುಂಡು ಮೂಲೆಗಳನ್ನು ಕಳೆದುಕೊಂಡು ಮಂಜಿನಂಥ ಒಂದು ಗುಂಡಗಿನ ಆಕಾರವಾಯಿತು. ಇಂಥ ಗಳಿಗೆ ಬಂದರೆ ಕೂಗಿಕೊಂಡುಬಿಡುತ್ತೇನೆ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಈಗ ಬಾಯಿಂದ ಬಂದದ್ದು ಒಂದು ಆಕಳಿಕೆ. ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತು, ತಿರುಗುವುದನ್ನೇ ನೋಡಿದ. ಬ್ಯಾಟರಿ ಇಲ್ಲ, ಲೈನಿಲ್ಲ. ಮೇಲೆ ತಗಡಿಗೆ ಬಿಗಿದ ಹಳೆಯ ಪ್ಯಾನೆಲ್ಲುಗಳ ಮೇಲೆ ಬೀಳುವ ಬಿಸಿಲು ಅದೇ ಗಳಿಗೆಯಲ್ಲಿ ಇಲ್ಲಿ ತಿರುಗುತ್ತಿದೆ. "ಬ್ಯಾಟರಿ ಇಲ್ಲದ ಇನ್ವರ್ಟರಾ? ಹೊಟ್ಟೆ ಇಲ್ಲದ ಮನುಷ್ಯ ಇದ್ದಂಗೆ ಕಣ್ರಿ. ತಿಂದಿದ್ದು ಆಗ್ಲೇ ದುಡೀಬೇಕು, ನಾಳೆಗೆ ಅಂತ ಇಟ್ಕೊಳ್ಳೋ ಹಾಗಿಲ್ಲ," ಅಂದಿದ್ದ ರೇಡಿಯೋ ರಿಪೇರಿಯವನು. ಮೋಡ ಬಂದರೆ? "ಬಂದ್ರೆ ನಿಧಾನ ಆಗುತ್ತೆ. ಹೋದ್ರೆ ಓಡುತ್ತೆ." ಅದು ಅವನಿಗೆ ಹಿಡಿಸಿತ್ತು. ಬ್ಯಾಟರಿಗಳೆಂದರೆ ಆಸಿಡ್ಡು, ನೀರು, ಎರಡು ಮೂರು ವರ್ಷಕ್ಕೊಮ್ಮೆ ಹೊಸದು. ಅದೆಲ್ಲ ಇನ್ನೊಂದು ಸಂಸಾರ. ಇರುವ ಸಂಸಾರವೇ ಸಾಕಾಗಿತ್ತು.

ಹೆಂಡತಿ ಟೀ ತಂದು ಬಾಗಿಲಲ್ಲಿ ನಿಂತಳು. ಲೇತಿನ ಸದ್ದು ಒಳಗೆ ಅಡುಗೆಮನೆಗೆ ಕೇಳಿಸಿ ಬಂದಿದ್ದಳೋ, ಸುಮ್ಮನೆ ಬಂದಿದ್ದಳೋ ಅವಳ ಮುಖದಿಂದ ತಿಳಿಯಲಿಲ್ಲ.

"ತಿರುಗ್ತಾ ಇದೆ," ಅಂದಳು.

"ಹೂಂ."

"ಹಾಗಾದ್ರೆ ನಾಳೆಯಿಂದ ಆ ಮಿಲ್ಲಿಗೆ ಹೋಗೋದಿಲ್ವಾ?"

"ನೋಡೋಣ."

ಅವಳು ಲೋಟವನ್ನು ಬೆಂಚಿನ ಮೇಲೆ ಇಟ್ಟು, ಮರದ ಪುಡಿ ಬೀಳದಂತೆ ಅದರ ಮೇಲೊಂದು ಕಾಗದ ಮುಚ್ಚಿ ಹೋದಳು. ಹೋಗುವಾಗ ಇನ್ನೊಮ್ಮೆ ತಿರುಗಿ ನೋಡಿದಳು. ಅವಳು ನೋಡಿದ್ದು ಲೇತನ್ನಲ್ಲ, ತನ್ನನ್ನು ಅನ್ನಿಸಿ ಅವನು ಉಳಿ ಕೈಗೆತ್ತಿಕೊಂಡ. ಪರರ ಮಿಲ್ಲಿನಲ್ಲಿ, ಪರರ ಲೇತಿನ ಮುಂದೆ, ತನಗಿಂತ ಚಿಕ್ಕವರು ತಮ್ಮ ಕೆಲಸ ಮುಗಿಸಿ "ಈಗ ನೀವು ಹಿಡ್ಕೊಳ್ಳಿ" ಅನ್ನುವವರೆಗೆ ಗೋಡೆಗೊರಗಿ ಕಾದು ನಿಂತ ಬೆಳಿಗ್ಗೆಗಳು ಅವನ ಬೆನ್ನಿನಲ್ಲಿ ಇನ್ನೂ ಇದ್ದವು. ಅಲ್ಲಿ ಉಳಿಗಳಿಗೆ ಬೇರೆ ಯಾರದೋ ಕೈಯ ಜಿಡ್ಡು. ಅಲ್ಲಿಯ ಯಜಮಾನ ಒಳ್ಳೆಯವನೇ. ಒಳ್ಳೆಯವನಾದ್ದರಿಂದಲೇ ದಿನಾ ಕೇಳುತ್ತಿದ್ದ: "ನಿಮ್ಮದೇ ಶೆಡ್ಡಿದೆ, ಲೇತಿದೆ, ಪಕ್ಕದಲ್ಲೇ ಅಣ್ಣ ಇದ್ದಾರೆ, ಇಲ್ಲಿ ಯಾಕೆ ಕಷ್ಟಪಡ್ತೀರಿ?" ಅವನು ಲೈನಿಗೇನೋ ತೊಂದರೆ ಅನ್ನುತ್ತಿದ್ದ. ವರ್ಷವಿಡೀ ತೊಂದರೆಯಿರುವ ಲೈನು ಯಾವುದಪ್ಪಾ ಎಂದು ಯಜಮಾನ ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಹೆಚ್ಚು ಚುಚ್ಚುತ್ತಿತ್ತು.

ಲೈನು ಅಪ್ಪನ ಕಾಲದ್ದು. ಜಾಗ ಒಂದೇ: ಮುಂದೆ ಅಣ್ಣನ ಮನೆ, ಹಿಂದೆ ತನ್ನ ಎರಡು ಕೋಣೆ, ಅದರ ಪಕ್ಕ ಶೆಡ್ಡು. ತನ್ನ ಕೋಣೆಗಳಿಗೆ ದೀಪ, ಫ್ಯಾನಿನಷ್ಟಕ್ಕೆ ಬೇರೆ ಮೀಟರಿತ್ತು. ಮೋಟರು ಎಳೆಯುವ ದಪ್ಪ ವೈರು ಮಾತ್ರ ಅಣ್ಣನ ಮೀಟರಿನಿಂದ ಬರುತ್ತಿತ್ತು. ಬಂದ ಬಿಲ್ಲಿನಲ್ಲಿ ಇವನ ಪಾಲೆಷ್ಟು ಎಂದು ಅಣ್ಣ ಒಂದು ದಿನವೂ ಕೇಳಿದವನಲ್ಲ. ವರ್ಷದ ಹಿಂದೆ ಒಂದು ದಿನ ಅತ್ತಿಗೆಯ ತಂಗಿಯ ಮನೆಯವರು ಬಂದಿದ್ದರು. ಅತ್ತಿಗೆ ತಟ್ಟೆ ಸಾಲದೆಂದು ಇವನ ಮನೆಯಿಂದ ತರಿಸಿದ್ದಳು. ಇವನು ತಟ್ಟೆಗಳನ್ನು ಎದೆಗವಚಿಕೊಂಡು ಅಂಗಳ ದಾಟಿ ಕಿಟಕಿಯ ಹತ್ತಿರ ಬಂದಾಗ ಒಳಗೆ ಅಣ್ಣನ ದನಿ. ಊರೂರು ಸುತ್ತಿ ನಿವೃತ್ತನಾದ ಬಸ್ ಕಂಡಕ್ಟರನ ದನಿ, ನಾಲ್ಕು ಜನಕ್ಕೆ ಹೇಳಿದರೆ ನಲವತ್ತು ಜನಕ್ಕೆ ಕೇಳುವಂಥದು: "ನಮ್ಮ ಬುಗುರಿ ಅಲ್ಲಿ ಮೋಟರ್ ಹಾಕಿದ ಅಂದ್ರೆ ಇಲ್ಲಿ ನಮ್ಮನೆ ದೀಪಕ್ಕೆ ಉಸಿರು ಕಟ್ಟುತ್ತೆ! ಅವನು ತಿರುಗಿಸ್ತಾನೆ, ನಾವು ಕತ್ತಲಲ್ಲಿ ಕೂರ್ತೀವಿ!" ಎಲ್ಲರೂ ನಕ್ಕರು. ಬುಗುರಿ ಅನ್ನುವುದು ಚಿಕ್ಕಂದಿನ ಹೆಸರು. ಅಷ್ಟು ಜನರ ಮುಂದೆ ಆ ಹೆಸರು ಹಿಡಿದು ಕರೆದದ್ದೂ, ಆ ನಗುವಿನಲ್ಲಿ ಅತ್ತಿಗೆಯ ನಗು ಬೇರೆಯಾಗಿ ಕೇಳಿಸಿದ್ದೂ ತಟ್ಟೆಗಳ ತಣ್ಣನೆಯ ಅಂಚಿನ ಜೊತೆ ಎದೆಗೆ ಒತ್ತಿಕೊಂಡವು. ಒಳಗೆ ಹೋಗಿ ತಟ್ಟೆ ಕೊಟ್ಟ. ತಾನೂ ನಕ್ಕ. ಮರುದಿನ ಬೆಳಿಗ್ಗೆ ಏಣಿ ಹಾಕಿ ವೈರನ್ನು ಬಿಚ್ಚಿ, ಸುತ್ತಿ, ಅಣ್ಣನ ವರಾಂಡದ ಮೂಲೆಯಲ್ಲಿ ಇಟ್ಟುಬಂದ. "ಯಾಕೋ?" ಅಂದಿದ್ದ ಅಣ್ಣ. "ಸ್ವಂತದ್ದು ಮಾಡ್ಕೊತೀನಿ," ಅಂದಿದ್ದ. ದೊಡ್ಡ ಮೀಟರಿಗೆ ಅರ್ಜಿ ಹಾಕೋಣವೆಂದರೆ ಜಾಗ ಇನ್ನೂ ಇಬ್ಬರ ಹೆಸರಿನಲ್ಲಿತ್ತು, ಅಣ್ಣನ ಸಹಿ ಬೇಕಿತ್ತು. ಎಲ್ಲಿ ಕಾಲಿಟ್ಟರೂ ಅಣ್ಣನ ಅಂಗಳ. ಆಕಾಶಕ್ಕೆ ಮಾತ್ರ ಯಾರ ಸಹಿಯೂ ಬೇಡ ಎಂದು ಹೊಳೆದದ್ದು ಆಗ. ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ್ದಳು: "ನಿಮ್ಮ ಮರ್ಯಾದೆಗೆ ತಿಂಗಳಿಗೆ ಎಷ್ಟು ಯೂನಿಟ್ ಬೇಕಾಗುತ್ತೆ?"

ಉಳಿ ಮರಕ್ಕೆ ತಾಗಿತು. ಸಿಪ್ಪೆ ಉದ್ದುದ್ದಕ್ಕೆ ಸುರುಳಿಯಾಗಿ ಎದ್ದು ಮೊಣಕೈ ಮೇಲೆ ಬಿತ್ತು. ಯಾರದೋ ಹೊಸ ಮನೆಯ ಮೆಟ್ಟಿಲಿಗೆ, ಕೈಹಿಡಿಕೆಯ ಕೆಳಗೆ ನಿಲ್ಲಿಸುವ ಗಿಡ್ಡ ಕಂಬಗಳು. ಎಲ್ಲ ಒಂದೇ ಥರ ಇರಬೇಕು. ಮೊದಲ ಕಂಬದ ಕುತ್ತಿಗೆ ಕಡೆದು, ಹೊಟ್ಟೆಯ ಉಬ್ಬಿಗೆ ಬಂದ. ಕೈಗೆ ಹಳೆಯ ಬುದ್ಧಿ ಮರಳಿತು. ಕಣ್ಣು ಮುಚ್ಚಿದರೂ ಮರ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ಹಿಡಿಕೆಯೊಳಗೆ ಸಣ್ಣಗೆ ಹೇಳುತ್ತಿತ್ತು. ಮೊದಲನೆಯದು ಮುಗಿಸಿ ಎರಡನೆಯದು ಕಚ್ಚಿಸಿದ. ಅದೂ ಆಯಿತು. ಮೂರನೆಯದರ ಹೊಟ್ಟೆಯ ಮೇಲಿರುವಾಗ ಉಳಿ ಸ್ವಲ್ಪ ಭಾರವಾದಂತೆ ಅನ್ನಿಸಿತು. ತನ್ನ ಕೈ ಸೋತಿತೇನೋ ಎಂದುಕೊಂಡ. ಸದ್ದು ಇಳಿಯಿತು. ಗುಂಯ್ ಅನ್ನುವುದು ಗೊಣಗಾಟವಾಗಿ, ಮರದ ಮೂಲೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿ, ಹಿಂದೆ ತೆಗೆಯುವ ಮೊದಲೇ ಉಳಿ ಗಬಕ್ಕನೆ ಕಚ್ಚಿ ಕಂಬದ ಹೊಟ್ಟೆಯಿಂದ ಒಂದು ಚೂರನ್ನು ಕಿತ್ತುಕೊಂಡು ಅವನ ಮಣಿಕಟ್ಟನ್ನು ತಿರುಚಿತು. ಮೋಟರು ನಿಂತಿತು. ಡಬ್ಬ ಮುಟ್ಟಿ ನೋಡಿದ: ಬೆಚ್ಚಗಿತ್ತು ಅಷ್ಟೆ. ಮೂಸಿದ: ಸುಟ್ಟಿಲ್ಲ. ಹೊರಗೆ ಬಂದು ಆಕಾಶ ನೋಡಿದರೆ ತೊಳೆದ ತಟ್ಟೆಯ ಹಾಗೆ ಸ್ವಚ್ಛ, ಒಂದು ಮೋಡದ ಚೂರೂ ಇಲ್ಲ.

ಏಣಿ ಹತ್ತಿದ ಮೇಲೆ ಗೊತ್ತಾಯಿತು. ತಗಡಿನ ಮೇಲೆ ನೀಲಿಯಾಗಿ ಮಲಗಿದ್ದ ಪ್ಯಾನೆಲ್ಲುಗಳ ಸಾಲಿನ ಒಂದು ತುದಿಗೆ ನೆರಳು ಬಿದ್ದಿತ್ತು. ಅಂಚು ಹರಿತವಾದ, ಕತ್ತರಿಸಿ ಇಟ್ಟಂಥ ನೆರಳು. ಅದು ಅಣ್ಣನ ಮನೆಯದು. ಅಣ್ಣನ ಎರಡಂತಸ್ತಿನ ಗೋಡೆ, ಅದರ ಮೇಲಿನ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕದ ಪೈಪು ಸಮೇತ ಅವನ ತಗಡಿನ ಮೇಲೆ ಬಂದು ಕೂತಿದ್ದವು. ಪ್ಯಾನೆಲ್ಲುಗಳನ್ನು ಬಿಗಿದದ್ದು ಬೇಸಿಗೆಯಲ್ಲಿ. ಆಗ ಸೂರ್ಯ ನೆತ್ತಿಯ ಮೇಲೇ ಹಾದುಹೋಗುತ್ತಿದ್ದ. ಕೆಳಗೆ ಕೂತು ಒಂದಾದ ಮೇಲೊಂದು ಟ್ರಾನ್ಸಿಸ್ಟರು ಸುಡುತ್ತ, ಬೋರ್ಡಿನ ತಪ್ಪು ಹುಡುಕುತ್ತ ತಿಂಗಳುಗಳನ್ನು ಕಳೆಯುವಾಗ ಸೂರ್ಯ ತನ್ನ ಪಾಡಿಗೆ ಒಂದು ಪಕ್ಕಕ್ಕೆ ಸರಿದುಬಿಟ್ಟಿದ್ದ. ಈ ಚಳಿಗಾಲದ ಓರೆ ಬಿಸಿಲಿಗೆ ಅಣ್ಣನ ಮನೆ ಇಷ್ಟುದ್ದ ಕೈ ಚಾಚುತ್ತದೆಂದು ಅವನಿಗೆ ಹೊಳೆದಿರಲೇ ಇಲ್ಲ. ಒಂದರ ಬಾಲಕ್ಕೊಂದು ಕಟ್ಟಿದ ಸಾಲಿದು, ಒಂದರ ಮೇಲೆ ಕತ್ತಲು ಕೂತರೆ ಉಳಿದವೂ ಸೊರಗುತ್ತವೆ. ನೆರಳು ಅವನ ಕಣ್ಣೆದುರೇ ಮುಂದಿನ ಪ್ಯಾನೆಲ್ಲಿನ ಚೌಕಟ್ಟನ್ನು ದಾಟಿತು. ಅವನು ಅಂಗೈಯನ್ನು ಆ ಅಂಚಿನ ಮೇಲಿಟ್ಟ, ತಡೆಯುವವನಂತೆ. ಅರ್ಧ ಕೈ ಬೆಚ್ಚಗೆ, ಅರ್ಧ ಕೈ ತಣ್ಣಗೆ. ನಿಧಾನವಾಗಿ ಬೆಚ್ಚಗಿದ್ದ ಬೆರಳುಗಳೂ ತಣ್ಣಗಾದವು. ತಲೆಯೆತ್ತಿದರೆ ಅಣ್ಣನ ತಾರಸಿ. ಅಲ್ಲಿ ಬಿಸಿಲೋ ಬಿಸಿಲು. ಹಗ್ಗದ ಮೇಲೆ ಅತ್ತಿಗೆಯ ಸೀರೆ, ಅದರ ಸಂದಿಯಲ್ಲಿ ಅಣ್ಣನ ಬಸ್ ಸೀಟು: ಅಣ್ಣ ವರ್ಷಾನುಗಟ್ಟಲೆ ದುಡಿದ ಬಸ್ಸನ್ನು ಗುಜರಿಗೆ ಹಾಕಿದಾಗ ಬೇಡಿ ತಂದ, ರೆಕ್ಸಿನ್ನು ಹರಿದ, ಇಬ್ಬರು ಕೂರುವ ಸೀಟು. ಆ ಸೀಟಿನ ಮೇಲೂ ಬಿಸಿಲು ಸುಮ್ಮನೆ ಬಿದ್ದು ದಂಡವಾಗುತ್ತಿತ್ತು.

ಊಟಕ್ಕೆ ಕೂತಾಗ ಮಣಿಕಟ್ಟು ಊದಿಕೊಂಡಿತ್ತು. ಹೆಂಡತಿ ಕೇಳುವ ಮೊದಲೇ ಹೇಳಿದ.

"ಅಷ್ಟೇ ತಾನೆ? ಭಾವನ ತಾರಸಿ ಮೇಲೆ ಇಟ್ರಾಯ್ತು," ಅಂದಳು ಅವಳು, ಹುಳಿ ಬಡಿಸುತ್ತ.

"ಕರೆಂಟು ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಬಂದೋನು ಈಗ ಬಿಸಿಲು ಬೇಡೋಕೆ ಹೋಗ್ಲಾ?"

"ಬಿಸಿಲೇನು ಅವರಪ್ಪನ ಮನೇದಾ?"

"ಅವರಪ್ಪ ಅಂದ್ರೆ ನಮ್ಮಪ್ಪಾನೇ ಕಣೇ."

ಅವಳಿಗೆ ನಗು ಬಂತು. ಅವನಿಗೂ ಬರಬಹುದಿತ್ತು. ಬರುವ ದಾರಿಯಲ್ಲೇ ನಿಂತಿತು. ಅವಳು ನಗು ನಿಲ್ಲಿಸಿ ಹೇಳಿದಳು: "ಬ್ಯಾಟರಿ ಬೇಡ, ಏನೂ ಕೂಡಿಟ್ಕೊಳ್ಳೋದು ಬೇಡ ಅಂತೀರಿ. ಆ ಒಂದು ಮಾತು ಮಾತ್ರ ವರ್ಷದಿಂದ ಹಾಗೇ ಕೂಡಿಟ್ಟಿದ್ದೀರಿ. ನನಗೂ ಸಾಕಾಗಿದೆ ರೀ. ಅಕ್ಕ ಏನಾದ್ರೂ ಮಾಡಿದ್ರೆ ಅವರ ಹಿತ್ತಿಲ ಬಾಗಿಲಲ್ಲಿ ಕೊಡ್ತಾರೆ, ನಾನು ಕಳ್ಳಿ ಹಾಗೆ ತಗೊಂಡು ಒಳಗೆ ಬರ್ತೀನಿ. ಈ ಹುಳೀನೂ ಅವರದ್ದೇ." ಅವನು ಕಲಸಿದ ಅನ್ನವನ್ನು ನೋಡಿದ. ರುಚಿಯಾಗಿತ್ತು. ರುಚಿಯಾಗಿದೆ ಎಂದು ಆಗಲೇ ಮನಸ್ಸಿನಲ್ಲಿ ಅಂದುಕೊಂಡೂ ಆಗಿತ್ತು. ಕೈ ತೊಳೆದುಕೊಂಡು ಎದ್ದವನು ಮಲಗಲು ಹೋಗಿ, ಮಲಗದೆ, ಚಪ್ಪಲಿ ಮೆಟ್ಟಿದ.

ಅಂಗಳ ದಾಟಿದರೆ ಅಣ್ಣನ ಹಿತ್ತಿಲ ಬಾಗಿಲು. ಅವನು ಹಾಗೆ ಹೋಗಲಿಲ್ಲ. ಪಕ್ಕದ ಓಣಿ ಹಿಡಿದು, ರಸ್ತೆಗೆ ಬಂದು, ತಾನೇ ಬಣ್ಣ ಬಳಿದ ಗೇಟಿನ ಮುಂದೆ ಹೊರಗಿನವನ ಹಾಗೆ ನಿಂತ. ಹಿತ್ತಿಲಿಂದ ಹೋದರೆ ತಮ್ಮ, ಮುಂಬಾಗಿಲಿಂದ ಹೋದರೆ ಕೆಲಸದ ಮೇಲೆ ಬಂದವನು ಎಂದು ಲೆಕ್ಕ ಹಾಕಿದ್ದ. ಅತ್ತಿಗೆ ಬಾಗಿಲು ತೆರೆದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ, ಸೆರಗಿಗೆ ಕೈ ಒರೆಸಿಕೊಂಡು, "ಬಾ, ಕೂತ್ಕೋ" ಎಂದು ನಡುಮನೆಯ ಕುರ್ಚಿ ತೋರಿಸಿದಳು. ಅದು ಬಂದವರಿಗೆ ಕೊಡುವ ಕುರ್ಚಿ. ಈ ಮನೆಯಲ್ಲಿ ಅವನು ಅದರ ಮೇಲೆ ಯಾವತ್ತೂ ಕೂತವನಲ್ಲ, ಅಡುಗೆಮನೆಯ ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು ತಿಂದವನು. ಕೂರಲೂ ಆಗದೆ ನಿಲ್ಲಲೂ ಆಗದೆ ಕುರ್ಚಿಯ ಬೆನ್ನು ಹಿಡಿದುಕೊಂಡ. ಮದುವೆಯಾಗಿ ಬಂದಾಗ ತನ್ನ ಹರಿದ ನಿಕ್ಕರಿಗೆ ತೇಪೆ ಹಾಕಿಕೊಟ್ಟವಳು ಇವಳು. ಅವತ್ತಿನ ನಗುವಿನಲ್ಲಿ ಇವಳ ನಗುವನ್ನು ತಾನು ಬೇರೆಯಾಗಿ ಹೆಕ್ಕಿ ತೆಗೆದಿದ್ದೆನಲ್ಲ.

"ಅಣ್ಣ ಇಲ್ವಾ ಅತ್ತಿಗೆ?"

"ಮೇಲಿದ್ದಾರೆ, ಅವರ ಬಸ್ಸಲ್ಲಿ. ಡಾಕ್ಟ್ರು ಮಂಡಿಗೆ ಬಿಸಿಲು ಕಾಯಿಸಿ ಅಂದಿದ್ದೇ ನೆಪ, ಊಟ ಆದ್ರೆ ಸಾಕು ಹತ್ತಿ ಕೂರ್ತಾರೆ." ತಡೆದು, ದನಿ ತಗ್ಗಿಸಿ ಹೇಳಿದಳು: "ಜೋರಾಗಿ ಮಾತಾಡು. ಕಿವಿ ಪೂರ್ತಿ ಹೋದ ಹಾಗೇ. ಮಿಷಿನ್ ತೆಗೆಸಿಕೊಟ್ರೆ ಜೇಬಲ್ಲಿ ಇಟ್ಕೊತಾರೆ. ಎಂಜಿನ್ ಪಕ್ಕದಲ್ಲಿ ಅಷ್ಟು ವರ್ಷ ಕೂತ ಕಿವಿ ಅದು."

ಅಷ್ಟು ಆಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಈ ಒಂದು ವರ್ಷದಲ್ಲಿ ದಾರಿಯಲ್ಲಿ ಎದುರಾದಾಗ ತಲೆಯಾಡಿಸಿದ್ದು ಬಿಟ್ಟರೆ ಮಾತೇ ಇರಲಿಲ್ಲ. ತಲೆಯಾಡಿಸುವುದಕ್ಕೆ ಕಿವಿ ಬೇಕಾಗುವುದಿಲ್ಲ. ಮೆಟ್ಟಿಲು ಹತ್ತುತ್ತ ಹೇಳಬೇಕಾದ ವಾಕ್ಯವನ್ನು ಬಾಯೊಳಗೇ ಜೋಡಿಸಿಕೊಂಡ. ಬಿಸಿಲಿನ ಮಾತು ಆಮೇಲೆ. ಮೊದಲು ಆ ಮಾತು ಆಗಿಬಿಡಬೇಕು. ಅದು ಗಂಟಲಿನಿಂದ ಹೊರಗೆ ಬೀಳದೆ ಏನು ಕೇಳಿದರೂ ಭಿಕ್ಷೆಯಾಗುತ್ತದೆ. 'ಅವತ್ತು ಅಷ್ಟು ಜನರ ಮುಂದೆ ನೀನು ಹಾಗನ್ನಬಾರದಿತ್ತು ಅಣ್ಣ.' ಇಷ್ಟೇ. ವರ್ಷವಿಡೀ ಲೇತಿಲ್ಲದೆಯೇ ಕಡೆದು ಕಡೆದು ನುಣುಪು ಮಾಡಿದ ವಾಕ್ಯ.

ಅಣ್ಣ ಸೀಟಿನ ಕಿಟಕಿ ಬದಿಗೆ ಕೂತಿದ್ದ. ಅಲ್ಲಿ ಕಿಟಕಿ ಇರಲಿಲ್ಲ, ಆದರೆ ಕೂತ ಭಂಗಿಯಲ್ಲಿ ಕಿಟಕಿ ಇತ್ತು. ಪಂಚೆ ಮಂಡಿಯ ಮೇಲಕ್ಕೆ ಸರಿದಿತ್ತು. ಬೆಳ್ಳಗಾದ, ಉಬ್ಬಿದ ಎರಡು ಮಂಡಿಗಳು ಬಿಸಿಲಿಗೆ ಮುಖ ಮಾಡಿದ್ದವು. "ಅಣ್ಣ," ಅಂದ. ಅಣ್ಣ ಅಲುಗಲಿಲ್ಲ. ಸುತ್ತಿ ಬಂದು ಎದುರಿಗೆ ನಿಂತು ಬಿಸಿಲಿಗೆ ಅಡ್ಡವಾದ ಮೇಲೆ, ನೆರಳು ಬಿದ್ದದ್ದಕ್ಕೆ ಕಣ್ಣು ತೆರೆದ.

"ಅರೆ, ಬುಗುರಿ! ಬಾ ಬಾ. ಕೂತ್ಕೋ, ಸೀಟ್ ಖಾಲಿ ಇದೆ."

ಅವನು ಪಕ್ಕದಲ್ಲಿ ಕೂತ. ಇಬ್ಬರೂ ಬಸ್ಸು ಓಡುತ್ತಿದೆಯೇನೋ ಎಂಬಂತೆ ನೇರ ಮುಂದೆ, ಟ್ಯಾಂಕಿನ ಕಡೆಗೆ ನೋಡುತ್ತ ಇದ್ದರು. ಅಣ್ಣನ ಮೈಯಿಂದ ಮುಲಾಮಿನ ವಾಸನೆ ಬರುತ್ತಿತ್ತು. ಕಿವಿಯ ಹತ್ತಿರದ ಕೂದಲು ಯಾವಾಗ ಅಷ್ಟು ಬೆಳ್ಳಗಾಯಿತು? ಈಗ ಹೇಳಬೇಕು, ಮುಖ ನೋಡದೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದುಕೊಂಡು ಹೇಳಿದ: "ಅವತ್ತು ಅಷ್ಟು ಜನರ ಮುಂದೆ ನೀನು ಹಾಗನ್ನಬಾರದಿತ್ತು ಅಣ್ಣ."

"ಆಂ?" ಅಣ್ಣ ಅಂಗೈಯನ್ನು ಕಿವಿಗೆ ಬಟ್ಟಲು ಮಾಡಿಕೊಂಡು ಅವನ ಕಡೆ ವಾಲಿದ.

"ಅವತ್ತು... ಜನರ ಮುಂದೆ..."

"ಜೋರಾಗಿ ಹೇಳೋ. ಯಾವ ಜನ?"

ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಇದನ್ನು ಕೂಗಿ ಹೇಳಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಒಳಗೇ ಕೂಗಿ ನೋಡಿದ: ದೀಪಕ್ಕೆ ಉಸಿರು ಕಟ್ಟುತ್ತೆ ಅಂದೆಯಲ್ಲಾ! ನನ್ನನ್ನ ಬುಗುರಿ ಅಂದೆಯಲ್ಲಾ! ಇಡೀ ಬೀದಿಗೆ ಕೇಳುವಂತೆ. ಕೂಗಿದರೆ ಅದರಲ್ಲಿ ಉಳಿಯುವುದು ಏನೂ ಇರಲಿಲ್ಲ. ಆಟದಲ್ಲಿ ಸೋತ ಮಗು ಬೀದಿಯಲ್ಲಿ ನಿಂತು ಅಳುವುದರಷ್ಟೂ ತೂಕವಿರಲಿಲ್ಲ. ವರ್ಷದಿಂದ ಎದೆಯ ಮೇಲೆ ಹೊತ್ತದ್ದು ಇದನ್ನೇ? ಪಿಸುಮಾತಿನಲ್ಲಿ ಮಾತ್ರ ಬಾಳುವ ನೋವು ಅದು. ಎರಡೂ ಕೈಗಳನ್ನು ಬಾಯಿಗೆ ಅಡ್ಡವಿಟ್ಟು ಅವನು ಕೂಗಿದ:

"ಏನಿಲ್ಲಾ! ಬಿಸಿಲು ಕೇಳೋಕೆ ಬಂದೆ!"

"ಬಿಸಿಲಾ?"

"ಹೂಂ! ಪ್ಯಾನೆಲ್ಲು! ಶೆಡ್ಡಿನ ಮೇಲೆ ನಿನ್ನ ಮನೆ ನೆರಳು ಬೀಳ್ತಾ ಇದೆ! ಇಲ್ಲಿ ಇಡ್ಲಾ ಅಂತ!"

ಅಣ್ಣ ಬೆನ್ನನ್ನು ಸೀಟಿಗೆ ಪೂರ್ತಿ ಬಿಟ್ಟು ಉಸಿರೆಳೆದುಕೊಂಡ. "ಇಷ್ಟೇನಾ?" ಅಂದ. "ನೀನು ಪಾಲು ಕೇಳೋಕೆ ಬಂದೆ ಅಂದ್ಕೊಂಡೆ ಕಣೋ. ಗೇಟಿನ ಹತ್ರ ನಿನ್ನ ಕಂಡಾಗಲೆಲ್ಲ, ಇವತ್ತು ಕೇಳ್ತಾನೆ, ಇವತ್ತು ಬೇರೆ ಆಗೋಣ ಅಂತಾನೆ ಅಂತ ಒಳಗೆ ಹೋಗಿಬಿಡ್ತಿದ್ದೆ. ಈಗ ಮುಂದಿನ ಗೇಟಿಂದ ಬಂದಿದ್ದು ಇಲ್ಲಿಂದಲೇ ನೋಡ್ದೆ. ಆಯ್ತು, ಬಂತು ಆ ದಿನ ಅಂತ ಕಣ್ಣು ಮುಚ್ಚಿ ಕೂತೆ." ನಿದ್ದೆ ಬಂದಿರಲಿಲ್ಲ ಅಂದ ಹಾಗಾಯಿತು. ಆ ಮುಚ್ಚಿದ ಕಣ್ಣುಗಳ ಮುಂದೆ ತಾನು ಬಂದು ನಿಂತಿದ್ದೆನಲ್ಲ.

"ಒಂದು ಕೇಳ್ಲಾ?" ಅಂದ ಅಣ್ಣ. "ವೈರು ಯಾಕೋ ಕಿತ್ತೆ?"

"ನಿಮಗೆ ತೊಂದ್ರೆ ಆಗ್ತಿತ್ತು! ದೀಪ ಮಂಕಾಗ್ತಿತ್ತಲ್ಲ!"

"ಯಾರಂದ್ರು ತೊಂದ್ರೆ ಅಂತ?" ಅಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಿನ್ನ ಲೇತಿನ ಸದ್ದು ನನಗೆ ಕೇಳೋದು ನಿಂತು ಎಷ್ಟೋ ಕಾಲ ಆಯ್ತು. ಯಾರಿಗೂ ಹೇಳಿರಲಿಲ್ಲ. ಕಿವುಡ ಅಂದ್ರೆ ನಗ್ತಾರೆ ಅಂತ ನಾನೇ ಎಲ್ಲದಕ್ಕೂ ಜೋರಾಗಿ ಮಾತಾಡಿ ನಗಿಸ್ಕೊಂಡು ಇರ್ತಿದ್ದೆ. ದೀಪ ಒಂದು ಸಲ ಉಸಿರು ಕಟ್ಟಿ ಮತ್ತೆ ಹತ್ಕೊಂಡ್ರೆ, ಹಾಂ, ಬುಗುರಿ ಕೆಲಸಕ್ಕೆ ಕೂತ ಅಂತ ಗೊತ್ತಾಗ್ತಿತ್ತು. ಬಂದೋರಿಗೆಲ್ಲ ಹೇಳ್ತಿದ್ದೆ. ಈಗ ದೀಪ ಅಲ್ಲಾಡೋದೇ ಇಲ್ಲ. ಚೆನ್ನಾಗೇ ಉರಿಯುತ್ತೆ." ಮಂಡಿಯ ಮೇಲೆ ಅಂಗೈ ಉಜ್ಜಿಕೊಂಡ. "ನೀನು ಹಿಂದೆ ಇದ್ದೀಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಏನು ಹೇಳುವುದಿದ್ದರೂ ಅದನ್ನೂ ಕೂಗಿಯೇ ಹೇಳಬೇಕಿತ್ತು. ಪಕ್ಕದ ತಾರಸಿಯ ಹೆಂಗಸು ಖಾಲಿ ಬಕೆಟ್ಟು ಎತ್ತಿಕೊಂಡು ಇಳಿದು ಹೋದಳು. ಅಣ್ಣ ಆಗಲೇ ಸೀಟಿನ ಕೈ ಹಿಡಿದು ಏಳುತ್ತಿದ್ದ. "ಎಲ್ಲಿ ಬರಬೇಕು ನಿನ್ನ ಸಾಲು, ತೋರಿಸು." ಅವನು ಹೆಜ್ಜೆ ಹಾಕಿ ಅಳೆದ. ಟ್ಯಾಂಕಿನ ನೆರಳು ಬೀಳದ ಜಾಗವೆಂದರೆ ಇದೇ, ಈ ತುದಿಯಿಂದ ಆ ತುದಿಗೆ. ಸೀಟು ಸರಿಯಾಗಿ ಅದರ ನಡುವೆ ಇತ್ತು. ಅವನು ಇನ್ನೊಮ್ಮೆ ಅಳೆದ, ಬೇರೆ ಕೋನದಿಂದ, ಹೇಗಾದರೂ ಬದಲಾದೀತೆಂದು. ಬದಲಾಗಲಿಲ್ಲ.

"ಇಷ್ಟು ಬಿಟ್ಟು ಹಾಕ್ತೀನಿ! ನಿನ್ನ ಸೀಟು ಇಲ್ಲೇ ಇರಲಿ!"

"ಬಿಟ್ರೆ ಮೋಟರ್ ತಿರುಗುತ್ತಾ?"

ಅವನು ಟ್ಯಾಂಕಿನ ನೆರಳಿನ ಅಂಚನ್ನೊಮ್ಮೆ ನೋಡಿದ.

"ಮತ್ತೇನು! ಹಿಡಿ ಆ ಕಡೆ."

ಇಬ್ಬರೂ ಸೀಟನ್ನು ಎಳೆದರು. ಅದರ ಕಬ್ಬಿಣದ ಕಾಲುಗಳು ತಾರಸಿಯ ಮೇಲೆ ಕೀರಲು ಗೆರೆ ಬರೆದವು. ಟ್ಯಾಂಕಿನ ಪಕ್ಕದ ಮೂಲೆಗೆ ಅದು ಹೋಗಿ ಕೂತಿತು. ಅಲ್ಲಿ ಬೆಳಿಗ್ಗೆ ಒಂದಿಷ್ಟು ಹೊತ್ತು ಬಿಟ್ಟರೆ ಬಿಸಿಲು ಬರುವ ಹಾಗಿರಲಿಲ್ಲ. ಅಣ್ಣ ಅದರ ಮೇಲೊಮ್ಮೆ ಕೂತು ನೋಡಿ, "ಪರವಾಗಿಲ್ಲ, ತಂಪಾಗಿದೆ" ಅಂದ. ಈ ಚಳಿಗಾಲದಲ್ಲಿ ತಂಪು ಯಾರಿಗೆ ಬೇಕಾಗಿತ್ತು? ತನಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕ ಕೂಡಲೇ ಅದು ಇನ್ನೊಬ್ಬರ ಮಂಡಿಯ ಮೇಲಿಂದ ಎತ್ತಿಕೊಂಡದ್ದು ಎಂದೂ ಕಾಣಿಸಿತ್ತು. ಕರೆಂಟಾದರೆ ಹಂಚಿಕೊಳ್ಳಬಹುದಿತ್ತು, ದೀಪ ಒಂದು ಗಳಿಗೆ ಮಂಕಾಗಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಮತ್ತೆ ಆ ವೈರನ್ನೇ ಹಾಕಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಸುಟ್ಟ ಟ್ರಾನ್ಸಿಸ್ಟರುಗಳು, ಹೋದ ವರ್ಷ, ಗೋಡೆಗೊರಗಿ ನಿಂತ ಬೆಳಿಗ್ಗೆಗಳು ಎಲ್ಲ ಒಟ್ಟಿಗೆ ಎದ್ದು ನಿಂತು ಬೇಡವೆಂದವು. ಅಣ್ಣನಿಗೂ ಆ ಯೋಚನೆ ಬಂದಿರಬೇಕು. ಅವನೂ ಆ ಮಾತು ಎತ್ತಲಿಲ್ಲ.

"ನಾಳೆ ತರ್ತೀನಿ!" ಎಂದು ಕೂಗಿದ ಅವನು, ಸೂರ್ಯ ಇಳಿಯುತ್ತಿದ್ದುದನ್ನು ತೋರಿಸಿ.

"ನಾಳೆ ಅಂದ್ರೆ ರಾತ್ರಿಯೆಲ್ಲ ಯೋಚನೆ ಮಾಡಿ ಬೇಡ ಅಂತೀಯ. ನಿನ್ನ ನಾನು ಕಾಣೆನಾ? ಈಗ್ಲೇ ತರೋಣ."

ತಗಡಿನ ಮೇಲಿಂದ ಬೋಲ್ಟು ಬಿಚ್ಚಿ ಅವನು ಒಂದೊಂದಾಗಿ ಇಳಿಸಿದ. ಹೆಂಡತಿ ಕೆಳಗೆ ನಿಂತು ಹಿಡಿದುಕೊಂಡಳು. ಅತ್ತಿಗೆ ಹಿತ್ತಿಲ ಬಾಗಿಲನ್ನು ಎರಡೂ ರೆಕ್ಕೆ ತೆರೆದು, ದಾರಿಯಲ್ಲಿದ್ದ ಕೊಡ, ಮೊರ, ಕಾಲೊರಸು ಎಲ್ಲ ಸರಿಸಿ, "ಜೋಪಾನ, ಜೋಪಾನ" ಎಂದು ಯಾರಿಗೂ ಅಲ್ಲದೆ ಹೇಳುತ್ತಿದ್ದಳು. ಬೇಡವೆಂದರೂ ಅಣ್ಣ ಇನ್ನೊಂದು ತುದಿ ಹಿಡಿದ. ಮೆಟ್ಟಿಲು ಕಿರಿದು. ಪ್ಯಾನೆಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹತ್ತಬೇಕು. ಅಣ್ಣ ಮೇಲೆ, ಹಿಂದು ಹಿಂದಾಗಿ, ಒಂದೊಂದು ಮೆಟ್ಟಿಲಿಗೂ ಮಂಡಿ ಸದ್ದು ಮಾಡುತ್ತ. ಅವನು ಕೆಳಗೆ, ಊದಿದ ಮಣಿಕಟ್ಟಿನ ಮೇಲೆ ಭಾರ ಹೊತ್ತು. ನಡುವೆ ಆ ಗಾಜು. ಅಣ್ಣನ ಮುಖ ಕಾಣುತ್ತಿರಲಿಲ್ಲ. ಚೌಕಟ್ಟಿನ ಅಂಚಿನಲ್ಲಿ ಬೆರಳುಗಳು ಮಾತ್ರ, ಟಿಕೆಟ್ಟು ಹರಿದು ಹರಿದು ಚಪ್ಪಟೆಯಾದ ಹೆಬ್ಬೆರಳು, ಬಿಳಿಚಿಕೊಂಡ ಉಗುರುಗಳು. ತಿರುವಿನ ಕಟ್ಟೆಯ ಮೇಲೆ ಅಣ್ಣ ನಿಂತ. ಏದುಸಿರು ಗಾಜಿನ ಆಚೆಯಿಂದ ಕೇಳುತ್ತಿತ್ತು.

ಅವನು ಹಣೆಯನ್ನು ಪ್ಯಾನೆಲ್ಲಿನ ಬೆನ್ನಿಗೆ ಆನಿಸಿದ. ಅದಿನ್ನೂ ಬಿಸಿಲಿನಿಂದ ಬೆಚ್ಚಗಿತ್ತು. ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, ಗಾಜಿಗೆ ಹೇಳುವವನಂತೆ, "ತಪ್ಪಾಯ್ತು ಅಣ್ಣ" ಅಂದ.

ದನಿಯ ಅದುರು ಚೌಕಟ್ಟಿಗೆ ತಾಗಿತೇನೋ, ಮೇಲೆ ಬೆರಳುಗಳು ಅಲುಗಿದವು. "ಏನೋ ಅಂದೆ?"

ಅವನು ತಲೆಯೆತ್ತಿ, ಗಂಟಲು ಸರಿಮಾಡಿಕೊಂಡು, ಮನೆಯೆಲ್ಲ ಕೇಳುವಂತೆ ಕೂಗಿದ: "ಸ್ವಲ್ಪ ಎಡಕ್ಕೆ ತಿರುಗಿಸು ಅಂದೆ!"

ಅಣ್ಣ ಎಡಕ್ಕೆ ತಿರುಗಿಸಿದ. ಎಡಕ್ಕೆ ಗೋಡೆಯಿತ್ತು. ಚೌಕಟ್ಟಿನ ಮೂಲೆ ತಾಗಿ ಸುಣ್ಣ ಉದುರಿತು. ಯಾಕೆ ಎಡಕ್ಕೆ ಎಂದು ಅಣ್ಣ ಕೇಳಲಿಲ್ಲ. ಒಂದು ಗಳಿಗೆ ಹಾಗೇ ನಿಂತಿದ್ದು, ಪ್ಯಾನೆಲ್ಲನ್ನು ತಾನೇ ಬಲಕ್ಕೆ ತಂದುಕೊಂಡು, ಹಿಡಿತ ಬಿಗಿ ಮಾಡಿ, ಮುಂದಿನ ಮೆಟ್ಟಿಲಿಗೆ ಹಿಮ್ಮಡಿಯಿಂದ ತಡಕಾಡಿದ.